ಮನದ ಮುಳ್ಳು, ಮಾರ್ದವದ ಮದ್ದು

ಕಾಲಿಗೆ ಹೊಕ್ಕ ಮುಳ್ಳು ಹೊರಗಿನವರ ಕಣ್ಣಿಗೆ ಕಾಣಿಸುವುದಿಲ್ಲ. ಕಾಣಿಸುವುದು ಬದಲಾದ ನಡಿಗೆ ಮಾತ್ರ. ಪಾದವನ್ನು ಪೂರ್ತಿಯಾಗಿ ಊರಲಾರದೆ ಮನುಷ್ಯ ಓರೆಯಾಗಿ ಹೆಜ್ಜೆ ಇಡುತ್ತಾನೆ. ದಿನಗಳು ಉರುಳಿದಂತೆ ಆ ಓರೆ ನಡಿಗೆಯೇ ಅವನ ಸಹಜ ನಡಿಗೆಯೆಂದು ಕಂಡವರು ತಿಳಿಯುತ್ತಾರೆ. ಕೊನೆಗೆ ಅವನೂ ಹಾಗೆಯೇ ತಿಳಿಯುತ್ತಾನೆ. ಮನಸ್ಸಿನೊಳಗೆ ನೆಟ್ಟುಕೊಂಡ ವಿಚಾರದ ಸ್ಥಿತಿಯೂ ಇದೇ ಆಗಿದೆ. ಎಂದೋ ಕೇಳಿದ ಒಂದು ಮಾತು, ಎಂದೋ ಆದ ಒಂದು ಅವಮಾನ, 'ಇದು ಹೀಗೆಯೇ ಆಗಬೇಕು' ಎಂಬ ಒಂದು ನಿಶ್ಚಯ ಒಳಗೆ ಸಿಕ್ಕಿಕೊಂಡರೆ, ಮನುಷ್ಯನ ಮಾತು, ನೋಟ, ನಿದ್ರೆ, ಪೂಜೆ ಎಲ್ಲವೂ ಅದರ ಸುತ್ತ ಓರೆಯಾಗುತ್ತವೆ.

ಜಿನಾಗಮವು ಇಂತಹ ಒಳಮುಳ್ಳಿಗೆ 'ಶಲ್ಯ' ಎಂದು ಹೆಸರಿಟ್ಟಿದೆ. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ವ್ರತಗಳನ್ನು ಕುರಿತದ್ದು. ಅಲ್ಲಿ ವ್ರತಿ ಯಾರು ಎಂಬುದನ್ನು ನಿರ್ಣಯಿಸುವಾಗ ಆಚಾರ್ಯರು ಉಪವಾಸಗಳ ಸಂಖ್ಯೆಯನ್ನು ಕೇಳುವುದಿಲ್ಲ. ಒಳಗೆ ಶಲ್ಯ ಉಳಿದಿದೆಯೇ ಎಂಬುದನ್ನು ಕೇಳುತ್ತಾರೆ. ವ್ಯಾಖ್ಯಾನಕಾರರು ಶಲ್ಯಗಳನ್ನು ಮೂರಾಗಿ ವಿಂಗಡಿಸಿದ್ದಾರೆ: ಕಪಟವೆಂಬ ಮಾಯಾ ಶಲ್ಯ, ವಿಪರೀತ ಶ್ರದ್ಧೆಯೆಂಬ ಮಿಥ್ಯಾತ್ವ ಶಲ್ಯ, ಮುಂದಿನ ಭೋಗಗಳಿಗಾಗಿ ಹಂಬಲಿಸುವ ನಿದಾನ ಶಲ್ಯ. ಈ 'ನಿದಾನ'ವು ಆಡುಮಾತಿನ ನಿಧಾನವಲ್ಲ; ಸಿಗದಿರುವುದನ್ನು ಬಿಡದೆ ಹಿಡಿದಿರುವ ಮನಸ್ಸಿನ ಹೆಸರು ಅದು. ಮುಳ್ಳು ಒಳಗಿರುವಾಗ ಮೇಲೆ ಎಷ್ಟು ಲೇಪ ಹಚ್ಚಿದರೂ ಗಾಯ ಮಾಯುವುದಿಲ್ಲ. ಶಲ್ಯವಿರುವಾಗ ಕೈಗೊಂಡ ವ್ರತದ ಗತಿಯೂ ಅದೇ ಎಂಬುದು ಇದರ ತಾತ್ಪರ್ಯ.

ಗೊಮ್ಮಟಗಿರಿ ಹೇಳುವ ಮಾತು

ಮೈಸೂರಿನಿಂದ ಹುಣಸೂರಿನ ಕಡೆಗೆ ಹೊರಟು ಇಲವಾಲವನ್ನು ದಾಟಿ ಮುಂದೆ ಸಾಗಿದರೆ, ಬಿಳಿಕೆರೆ ಹೋಬಳಿಯಲ್ಲಿ ಗೊಮ್ಮಟಗಿರಿ ಇದೆ. ಬಂಡೆಗುಡ್ಡದ ನೆತ್ತಿಯಲ್ಲಿ ಬಾಹುಬಲಿ ಸ್ವಾಮಿ ನಿಂತಿದ್ದಾನೆ. ಶ್ರವಣಬೆಳಗೊಳದ 58 ಅಡಿಯ ಮೂರ್ತಿಯ ಮುಂದೆ ಇದು ಚಿಕ್ಕದು. ಆದರೂ ವರ್ಷಕ್ಕೊಮ್ಮೆ ನಡೆಯುವ ಮಸ್ತಕಾಭಿಷೇಕಕ್ಕೆ ಮೈಸೂರಿನ ಶ್ರಾವಕ ಕುಟುಂಬಗಳು ತಪ್ಪದೆ ಹೋಗುತ್ತವೆ. ಹಾಲು, ಎಳನೀರು, ಅರಿಸಿನ, ಚಂದನಗಳು ಆ ಶಿಲೆಯ ಮೇಲಿಂದ ಇಳಿಯುವುದನ್ನು ಕಂಡು ಕೈಮುಗಿಯುವವರಲ್ಲಿ ಎಷ್ಟೋ ಮಂದಿ, ಸ್ವಾಮಿಯ ತಪಸ್ಸಿನ ಕೊನೆಯ ದಿನ ಏನಾಯಿತು ಎಂಬುದನ್ನು ಮತ್ತೊಮ್ಮೆ ಸ್ಮರಿಸಿಕೊಳ್ಳುವುದು ಒಳಿತು.

ಭರತ ಬಾಹುಬಲಿಯರ ಕಥೆ ಕನ್ನಡಿಗರಿಗೆ ಹೊಸದಲ್ಲ. ಕ್ರಿ.ಶ. 941ರಲ್ಲಿ ಪಂಪನು ಆದಿಪುರಾಣವನ್ನು ರಚಿಸಿದಂದಿನಿಂದ ಅದು ಈ ನಾಡಿನ ಮನೆಮಾತಾಗಿದೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಗೆದ್ದ ತಮ್ಮ, ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ಕಾಡಿಗೆ ನಡೆದನು. ಒಂದು ವರ್ಷ ಅಲುಗದೆ ನಿಂತನು. ಕಾಲ ಬಳಿ ಹುತ್ತ ಬೆಳೆಯಿತು. ಬಳ್ಳಿ ತೊಡೆಯನ್ನೂ ತೋಳನ್ನೂ ಹಬ್ಬಿತು. ಆದರೂ ಕೇವಲಜ್ಞಾನ ಉದಯಿಸಲಿಲ್ಲ. ದೇಹದ ಮೇಲೆ ಹಬ್ಬಿದ ಬಳ್ಳಿ ಅದಕ್ಕೆ ಅಡ್ಡಿಯಾಗಿರಲಿಲ್ಲ. ಒಳಗೆ ಹಬ್ಬಿದ ಒಂದೇ ಒಂದು ಎಳೆ ಅಡ್ಡವಾಗಿತ್ತು.

ಆ ಎಳೆ ಯಾವುದು? ಇಲ್ಲಿ ಪರಂಪರೆಗಳು ಬೇರೆ ಬೇರೆಯಾಗಿ ಹೇಳುತ್ತವೆ. ಜಿನಸೇನಾಚಾರ್ಯರ ಸಂಸ್ಕೃತ ಮಹಾಪುರಾಣದ ಪ್ರಕಾರ, 'ನನ್ನಿಂದ ಅಣ್ಣನಿಗೆ ನೋವಾಯಿತು' ಎಂಬ ಕೊರಗು ಬಾಹುಬಲಿಯ ಹೃದಯದಲ್ಲಿ ಉಳಿದಿತ್ತು. 'ನಾನು ನಿಂತಿರುವ ನೆಲವೂ ಭರತನದೇ' ಎಂಬ ಅಳುಕು ಉಳಿದಿತ್ತು ಎನ್ನುವುದು ಜನರ ಬಾಯಲ್ಲಿ ಉಳಿದು ಬಂದ ಕಥೆ. ತನಗಿಂತ ಮೊದಲು ದೀಕ್ಷೆ ಪಡೆದ ಕಿರಿಯ ಸಹೋದರರಿಗೆ ತಲೆಬಾಗಬೇಕಲ್ಲ ಎಂಬ ಮಾನವು ಉಳಿದಿತ್ತು ಎನ್ನುವುದು ಶ್ವೇತಾಂಬರ ಪರಂಪರೆ. ಸಿದ್ಧಾಂತದ ಲೆಕ್ಕದಲ್ಲಿ ಇದು ಮೇಲೆ ಹೇಳಿದ ಮೂರು ಶಲ್ಯಗಳಷ್ಟು ದೊಡ್ಡ ಮುಳ್ಳಲ್ಲ. ಕೂದಲೆಳೆಯಷ್ಟು ಸೂಕ್ಷ್ಮವಾದ ವಿಕಲ್ಪ. ಅಂತಹ ಮಹಾತಪಸ್ವಿಯನ್ನೂ ಅದು ವರ್ಷಕಾಲ ತಡೆದು ನಿಲ್ಲಿಸಿತೆಂದರೆ, ಸಾಮಾನ್ಯ ಗೃಹಸ್ಥನ ಮನಸ್ಸು ಒಂದು ವಿಚಾರದಲ್ಲಿ ಸಿಕ್ಕಿಕೊಳ್ಳುವುದು ಅಚ್ಚರಿಯೂ ಅಲ್ಲ, ನಾಚಿಕೆಯೂ ಅಲ್ಲ.

ಇನ್ನೂ ಮುಖ್ಯವಾದುದು ಆ ಎಳೆ ಹರಿದ ಬಗೆ. ಮತ್ತಷ್ಟು ಕಠಿಣವಾಗಿ ನಿಂತು ಬಾಹುಬಲಿ ಅದನ್ನು ಹರಿಯಲಿಲ್ಲ. ಯಾರೂ ಬಂದು ವಾದಮಾಡಿ ಅವನನ್ನು ಸೋಲಿಸಲಿಲ್ಲ. ಭರತ ಚಕ್ರವರ್ತಿಯೇ ಬಂದು ತಮ್ಮನ ಪಾದಗಳನ್ನು ಪೂಜಿಸಿದಾಗ ಕೊರಗು ಕರಗಿತು. ಶ್ವೇತಾಂಬರ ಕಥೆಯಲ್ಲಿ ತಂಗಿಯರಾದ ಬ್ರಾಹ್ಮೀ ಸುಂದರಿಯರು ಬಂದು, ಅಣ್ಣನು ಏರಿರುವ ಆನೆಯಿಂದ ಇಳಿಯಬೇಕೆಂದು ಮೆಲ್ಲನೆ ನುಡಿದರು. ಕಾಡಿನಲ್ಲಿ ನಿಂತವನ ಕೆಳಗೆ ಯಾವ ಆನೆ ಎಂದು ಯೋಚಿಸುತ್ತಲೇ ಅವನಿಗೆ ತನ್ನ ಮಾನಗಜ ಕಂಡಿತು. ಎರಡು ಕಥೆಗಳಲ್ಲಿಯೂ ಸಿಕ್ಕಿಕೊಂಡವನ ಬಳಿಗೆ ಒಡಹುಟ್ಟಿದವರು ನಡೆದು ಬಂದಿದ್ದಾರೆ. ಸಿಕ್ಕಿಕೊಂಡ ಮನಸ್ಸು ಬಲದಿಂದ ಬಿಡುವುದಿಲ್ಲ. ಇನ್ನೊಬ್ಬರ ಮಾರ್ದವ ಅದನ್ನು ಬಿಡಿಸುತ್ತದೆ.

ಕಲ್ಲಿನ ಕಂಬ, ಬೆತ್ತದ ಕೋಲು

ಚಾವುಂಡರಾಯನ ಗುರುಗಳೆಂದು ಪ್ರಸಿದ್ಧರಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಮನಸ್ಸಿನ ಗಡಸುತನವನ್ನು ಅಳೆಯಲು ಒಂದು ಅಳತೆಗೋಲನ್ನೇ ಕೊಟ್ಟಿದ್ದಾರೆ. ಮಾನಕಷಾಯಕ್ಕೆ ನಾಲ್ಕು ಹೋಲಿಕೆಗಳು: ಕಲ್ಲು, ಎಲುಬು, ಕಟ್ಟಿಗೆ, ಬೆತ್ತ. ಕಲ್ಲಿನ ಕಂಬ ಮುರಿಯುತ್ತದೆಯೇ ಹೊರತು ಬಾಗುವುದಿಲ್ಲ. ಎಲುಬು ಬಹು ಪ್ರಯತ್ನದಿಂದ, ಕಟ್ಟಿಗೆ ಅದಕ್ಕಿಂತ ಕಡಿಮೆ ಪ್ರಯತ್ನದಿಂದ ಬಾಗುತ್ತದೆ. ಬೆತ್ತ ಬೆರಳ ಒತ್ತಡಕ್ಕೇ ಬಾಗುತ್ತದೆ. ಕ್ರೋಧಕ್ಕೂ ಹೀಗೆಯೇ ನಾಲ್ಕು ಗೆರೆಗಳು: ಬಂಡೆಯ ಮೇಲಿನ ಬಿರುಕು, ನೆಲದ ಬಿರುಕು, ಧೂಳಿನ ಗೆರೆ, ನೀರಿನ ಗೆರೆ.

ಈ ನಾಲ್ಕು ಮಟ್ಟಗಳಿಗೆ ಕಾಲದ ಅಳತೆಯನ್ನೂ ಹೇಳಿರುವುದು ಗೃಹಸ್ಥರಿಗೆ ಬಹಳ ಉಪಯುಕ್ತ. ಸಂಜ್ವಲನ ಕಷಾಯದ ವಾಸನೆ ಉಳಿಯುವುದು ಅಂತರ್ಮುಹೂರ್ತ, ಎಂದರೆ 48 ನಿಮಿಷಗಳೊಳಗೆ. ಪ್ರತ್ಯಾಖ್ಯಾನಾವರಣದ್ದು 15 ದಿನ. ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು. ಅದನ್ನೂ ಮೀರಿ, ಭವಭವಾಂತರಕ್ಕೆ ಹರಿಯುವುದು ಅನಂತಾನುಬಂಧಿ. ಅದು ಸಮ್ಯಗ್ದರ್ಶನವನ್ನೇ ಮುಚ್ಚುವ ಕಷಾಯ. ಅರ್ಥಾತ್, ಮನಸ್ಸು ಗಡಸಾಗುವುದೇ ಇಲ್ಲ ಎಂದು ಶಾಸ್ತ್ರ ನಿರೀಕ್ಷಿಸುವುದಿಲ್ಲ. ಅದು ಎಷ್ಟು ದಿನ ಗಡಸಾಗಿ ಉಳಿಯಿತು ಎಂದು ಮಾತ್ರ ಕೇಳುತ್ತದೆ. ದೈನಂದಿನ, ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕ ಪ್ರತಿಕ್ರಮಣಗಳ ವ್ಯವಸ್ಥೆಯನ್ನು ಈ ಅಳತೆಯೊಂದಿಗೆ ಇಟ್ಟು ನೋಡಿದರೆ, ಮುಳ್ಳು ಆಳಕ್ಕೆ ಇಳಿಯುವ ಮೊದಲೇ ಅದನ್ನು ಕಿತ್ತುಹಾಕಲು ಹಿರಿಯರು ಮಾಡಿಟ್ಟ ಏರ್ಪಾಡು ಅದೆಂಬುದು ತಿಳಿಯುತ್ತದೆ.

ದೃಢತೆ ಬೇರೆ, ಹಟ ಬೇರೆ

ಇಲ್ಲಿ ಒಂದು ಶಂಕೆ ಸಹಜ. ರಾತ್ರಿಭೋಜನ ತ್ಯಾಗ, ಕಂದಮೂಲ ತ್ಯಾಗ, ಸೋಸಿದ ನೀರಿನ ಬಳಕೆ ಇವೆಲ್ಲ ಬಿಗಿಯಾದ ನಿಯಮಗಳೇ ಅಲ್ಲವೇ? ಜೈನ ಗೃಹಸ್ಥನ ಜೀವನವೇ ಒಂದು ಬಗೆಯ ಪಟ್ಟು ಅಲ್ಲವೇ?

ವ್ರತವು ತನ್ನನ್ನು ಕಟ್ಟುತ್ತದೆ. ಆಗ್ರಹವು ಇತರರನ್ನು ಕಟ್ಟುತ್ತದೆ. ಎರಡಕ್ಕೂ ಇರುವ ಅಂತರ ಇಷ್ಟೇ, ಮತ್ತು ಇದು ದೊಡ್ಡದು. ಮೈಸೂರಿನ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಅತ್ತೆ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವವರು. ಸೊಸೆ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಚೇರಿಯಿಂದ ಮನೆ ಸೇರುವಾಗ ಏಳು ಗಂಟೆ ದಾಟಿರುತ್ತದೆ. ಅತ್ತೆ ತಾವು ಐದೂವರೆಗೆ ಉಂಡು, ಸೊಸೆಗೂ ಒಂದು ಡಬ್ಬಿಯಲ್ಲಿ ಹಗಲಿನಲ್ಲೇ ತಿನ್ನುವಂತಹುದನ್ನು ಕಟ್ಟಿಕೊಟ್ಟು ಕಳುಹಿಸಿದರೆ ಅದು ವ್ರತದ ದೃಢತೆ. ಬಾಗಿಲಲ್ಲಿ ಚಪ್ಪಲಿಯ ಸದ್ದು ಕೇಳಿದೊಡನೆ ಮುಖ ತಿರುಗಿಸಿ ಕುಳಿತರೆ ಅದು ಹಟ. ಮೊದಲನೆಯದರಲ್ಲಿ ಕೀಟಗಳ ಮೇಲಿನ ದಯೆ ಸೊಸೆಯವರೆಗೂ ಹರಿಯಿತು. ಎರಡನೆಯದರಲ್ಲಿ ಕೀಟದ ಮೇಲೆ ಉಂಟಾದ ದಯೆ ಮನೆಯ ಮನುಷ್ಯರ ಮೇಲೆ ಉಂಟಾಗಲಿಲ್ಲ.

ಧರ್ಮವೇ ಅಷ್ಟು ಗಡಸಾಗಿಲ್ಲ ಎಂಬುದನ್ನೂ ಮರೆಯಬಾರದು. ಮುನಿಗಳಿಗೆ ಮಹಾವ್ರತ, ಗೃಹಸ್ಥರಿಗೆ ಅಣುವ್ರತ. ಗೃಹಸ್ಥನಿಗೂ ಒಂದೇ ಜಿಗಿತವಲ್ಲ, ಹನ್ನೊಂದು ಪ್ರತಿಮೆಗಳ ಮೆಟ್ಟಿಲು. ಪ್ರತಿ ವ್ರತಕ್ಕೂ ಅತಿಚಾರಗಳನ್ನು ಮುಂಚಿತವಾಗಿಯೇ ಪಟ್ಟಿಮಾಡಿ, ಜಾರಿದವನು ಮತ್ತೆ ಎದ್ದು ನಿಲ್ಲಲು ಪ್ರಾಯಶ್ಚಿತ್ತವನ್ನೂ ಹೇಳಿದೆ. ಶ್ವೇತಾಂಬರ ಸಂಪ್ರದಾಯದ ಪಚ್ಚಕ್ಖಾಣಗಳಲ್ಲಿ, ಮರೆವಿನಿಂದ ಆದದ್ದು, ಅಕಸ್ಮಾತ್ತಾಗಿ ಆದದ್ದು ಮುಂತಾದವಕ್ಕೆ 'ಆಗಾರ' ಎಂಬ ವಿನಾಯಿತಿಗಳನ್ನು ಪ್ರತಿಜ್ಞೆಯ ಜೊತೆಯಲ್ಲೇ ಉಚ್ಚರಿಸುತ್ತಾರೆ. ಮನುಷ್ಯನು ಮನುಷ್ಯನೇ ಎಂಬ ಅರಿವು ಪ್ರತಿಜ್ಞೆಯ ಒಳಗೇ ಇದೆ.

ಒಂದು ಮೆರವಣಿಗೆ, ಹಲವು ನೋಟ

ಮನಸ್ಸು ಸಿಕ್ಕಿಕೊಳ್ಳುವುದಕ್ಕೆ ಜೈನ ದರ್ಶನ ಕೊಟ್ಟ ಮೂಲ ಹೆಸರು 'ಏಕಾಂತ'. ಮಿಥ್ಯಾತ್ವದ ಐದು ಬಗೆಗಳಲ್ಲಿ ಅದೂ ಒಂದು. ವಸ್ತುವಿಗೆ ಅನಂತ ಧರ್ಮಗಳಿರುವಾಗ ಒಂದನ್ನೇ ಹಿಡಿದು 'ಇದೇ' ಎನ್ನುವುದು ಏಕಾಂತ. ಆನೆಯನ್ನು ಮುಟ್ಟಿದ ಕುರುಡರ ಕಥೆ ಎಲ್ಲರಿಗೂ ಗೊತ್ತು. ಮೈಸೂರಿನವರಿಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಕಣ್ಣಿದ್ದವರು ಆನೆಯನ್ನು ನೋಡುವ ವಿಜಯದಶಮಿಯೇ ಸಾಕು. ಅರಮನೆಯ ಅಂಗಳದಲ್ಲಿ ಕುಳಿತವನಿಗೆ ಪುಷ್ಪಾರ್ಚನೆ ಕಾಣಿಸುತ್ತದೆ. ಸಯ್ಯಾಜಿರಾವ್ ರಸ್ತೆಯ ಮಾಳಿಗೆಯ ಮೇಲೆ ನಿಂತವನಿಗೆ ಅಂಬಾರಿ ಕಣ್ಣ ಮಟ್ಟದಲ್ಲೇ ಸಾಗುತ್ತದೆ. ರಸ್ತೆಯ ಅಂಚಿನಲ್ಲಿ ಜನರ ನಡುವೆ ಸಿಕ್ಕಿಕೊಂಡ ಮಗುವಿಗೆ ಆನೆಯ ಕಾಲುಗಳು ಮಾತ್ರ. ಬನ್ನಿಮಂಟಪದಲ್ಲಿ ಕಾದವನಿಗೆ ದೀರ್ಘ ನಿರೀಕ್ಷೆ, ಆಮೇಲೆ ಪಂಜಿನ ಕವಾಯತು. ಸಂಜೆ ಮನೆಗೆ ಬಂದು ಈ ನಾಲ್ವರು ಜಗಳವಾಡುವುದಿಲ್ಲ. ಒಬ್ಬನು ಕಂಡದ್ದನ್ನು ಇನ್ನೊಬ್ಬನು ಕೇಳಿ ಸಂತೋಷಪಡುತ್ತಾನೆ. ಆಸ್ತಿ, ಮದುವೆ, ಮಕ್ಕಳ ಓದು, ಪೂಜೆಯ ಪದ್ಧತಿಗಳ ವಿಷಯದಲ್ಲಿ ಮಾತ್ರ ಪ್ರತಿಯೊಬ್ಬನೂ ತಾನು ನಿಂತ ಜಾಗವೇ ಇಡೀ ಬೀದಿ ಎಂದು ವಾದಿಸುತ್ತಾನೆ.

ಸ್ಯಾದ್ವಾದದ 'ಸ್ಯಾತ್' ಎಂಬ ಪದಕ್ಕೆ 'ಇರಬಹುದೇನೋ' ಎಂಬ ಸಂಶಯದ ಅರ್ಥವಿಲ್ಲ. 'ಒಂದು ಅಪೇಕ್ಷೆಯಿಂದ', 'ಈ ನಿಲುವಿನಿಂದ ನೋಡಿದಾಗ' ಎಂಬ ಖಚಿತವಾದ ಅರ್ಥವಿದೆ. ಸಂಶಯವೂ ಮಿಥ್ಯಾತ್ವದ ಒಂದು ಬಗೆಯೇ ಆದುದರಿಂದ, ಅನೇಕಾಂತವು ನಿಲುವೇ ಇಲ್ಲದ ಸಡಿಲತನವಾಗಲಾರದು. ತಾನು ಎಲ್ಲಿ ನಿಂತು ನೋಡುತ್ತಿದ್ದೇನೆ ಎಂಬುದನ್ನು ಪ್ರಾಮಾಣಿಕವಾಗಿ ಹೇಳುವ ಶಿಸ್ತು ಅದು.

ಈ ಶಿಸ್ತು ಕೇವಲ ಪಂಡಿತರ ಚರ್ಚೆಯಲ್ಲ ಎಂಬುದಕ್ಕೆ ಕನ್ನಡ ನಾಡಿನಲ್ಲಿ ಕಲ್ಲಿನ ಸಾಕ್ಷಿ ಇದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಉಂಟಾಗಿ, ತಮಗಾದ ಅನ್ಯಾಯವನ್ನು ಜೈನರು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಯಾರ ದರ್ಶನ ಸತ್ಯ ಎಂಬ ತೀರ್ಪಿಗೆ ರಾಯನು ಕೈಹಾಕಲಿಲ್ಲ. ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಎಂದಿನಂತೆ ಉಳಿಯಿತು. ಜೈನ ದರ್ಶನಕ್ಕೆ ಆಗುವ ಹಾನಿಯನ್ನೂ ವೃದ್ಧಿಯನ್ನೂ ವೈಷ್ಣವರು ತಮ್ಮದೆಂದೇ ಬಗೆಯಬೇಕೆಂದು ಕಟ್ಟಳೆಯಾಯಿತು. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣವನ್ನು ಕೂಡಿಸಿ, ಬೆಳಗೊಳದ ಗೊಮ್ಮಟನ ರಕ್ಷಣೆಗೆ 20 ಮಂದಿ ಕಾವಲುಗಾರರನ್ನು ನೇಮಿಸುವ, ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳನ್ನು ದುರಸ್ತಿ ಮಾಡಿಸುವ ಹೊಣೆ ತಿರುಮಲೆಯ ತಾತಯ್ಯನದಾಯಿತು. ಈ ಶಾಸನ ಶ್ರವಣಬೆಳಗೊಳದ ಭಂಡಾರಿ ಬಸದಿಯ ಬಳಿ ಇದೆ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇದೆ. ವಿರೋಧಿಯಾಗಿ ನಿಂತವನನ್ನೇ ಕಾವಲುಗಾರನನ್ನಾಗಿಸಿದ ಆ ಏರ್ಪಾಡಿನಲ್ಲಿ ಯಾರೂ ತಮ್ಮ ಶ್ರದ್ಧೆಯನ್ನು ಬಿಡಬೇಕಾಗಲಿಲ್ಲ. 'ಅವರ ನಷ್ಟ ನಮ್ಮದಲ್ಲ' ಎಂಬ ಗಡಸುತನವನ್ನು ಮಾತ್ರ ಬಿಡಬೇಕಾಯಿತು.

ಹಟವಲ್ಲದ ಸಿಕ್ಕು

ಸಿಕ್ಕಿಕೊಂಡ ಮನಸ್ಸುಗಳೆಲ್ಲ ಮಾನಕಷಾಯದ ಫಲವೆಂದು ತೀರ್ಮಾನಿಸುವುದೂ ಒಂದು ಏಕಾಂತವೇ. ಕೆಲವು ಮಕ್ಕಳಿಗೆ ದಿನವೂ ಅದೇ ತಟ್ಟೆ, ಅದೇ ದಾರಿ, ಅದೇ ಕ್ರಮ ಬೇಕು. ಒಂದು ಬದಲಾದರೂ ಅವರು ಕಂಗೆಡುತ್ತಾರೆ. ಆಟಿಸಂ ಇರುವ ಮಕ್ಕಳಲ್ಲಿ ಇದು ಸಾಮಾನ್ಯ. ಗೊಂದಲವಾಗಿ ಕಾಣುವ ಜಗತ್ತಿನಲ್ಲಿ ಆ ಕ್ರಮವೇ ಅವರಿಗೆ ಊರುಗೋಲು. ಕೆಲವು ಹಿರಿಯರಿಗೆ ಬಾಗಿಲ ಚಿಲಕವನ್ನು ಹತ್ತು ಸಾರಿ ನೋಡಿದರೂ ಸಮಾಧಾನವಿಲ್ಲ. ಕೈ ತೊಳೆದರೂ ಮಡಿಯಾಯಿತೆಂಬ ನಂಬಿಕೆಯಿಲ್ಲ. ನೀರನ್ನು ಎಷ್ಟು ಸೋಸಿದರೂ ಜೀವಹಿಂಸೆ ಆಯಿತೇನೋ ಎಂಬ ಭಯ ಬಿಡದು. ಇದನ್ನು ಧರ್ಮಶ್ರದ್ಧೆಯೆಂದು ಹೊಗಳುವವರೂ ಉಂಟು, ಹಟವೆಂದು ಗದರುವವರೂ ಉಂಟು. ವೈದ್ಯರು ಇದನ್ನು ಗೀಳು ಎನ್ನುತ್ತಾರೆ. ಔಷಧದಿಂದಲೂ, ಭಯವನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸುವ ಅಭ್ಯಾಸದಿಂದಲೂ ಅನೇಕರಿಗೆ ನೆಮ್ಮದಿ ದೊರೆಯುತ್ತದೆ. ಅಹಿಂಸೆ ಕರುಣೆಯಿಂದ ಹುಟ್ಟುವಂಥದು. ನಡುಗಿಸುವ ಭಯವನ್ನು ಅಹಿಂಸೆಯೆಂದು ಕರೆಯಲಾಗದು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೆ. ಮಾತು ಮತ್ತು ಸಂವಹನದ ತೊಡಕಿರುವ ಮಕ್ಕಳನ್ನು ಕರೆದುಕೊಂಡು ದೂರದ ಊರುಗಳಿಂದ ತಾಯಂದಿರು ಅಲ್ಲಿಗೆ ಬರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳಿನ ಚಿಕಿತ್ಸೆ ಇದೆ. ಅಲ್ಲಿಗೆ ಹೋಗುವುದು ಧರ್ಮಕ್ಕೆ ಹೊರತಾದ ಹಾದಿಯಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧಕ್ಕೆ ಸ್ಥಾನವಿದೆ. ಅಭಯದಾನವನ್ನಂತೂ ಮನೆಯವರೇ ಕೊಡಬೇಕು. ಎಲ್ಲರ ಮುಂದೆ ಗದರದಿರುವುದು, ಬದಲಾವಣೆಯನ್ನು ಮುಂಚಿತವಾಗಿ ತಿಳಿಸುವುದು, ಮದುವೆಮನೆಯಲ್ಲಿ ನೆಂಟರು 'ಹಟಮಾರಿ ಮಗು' ಎಂದಾಗ ತಾಯಿಯ ಪರವಾಗಿ ಒಂದು ಮಾತಾಡುವುದು, ಇವೆಲ್ಲ ಅಭಯದಾನವೇ.

ಕಳುಹಿಸದೆ ಉಳಿದ ಒಂದು ಸಂದೇಶ

ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಪರ್ವದಲ್ಲಿ ಮೊದಲ ದಿನ ಉತ್ತಮ ಕ್ಷಮೆ, ಎರಡನೆಯ ದಿನ ಉತ್ತಮ ಮಾರ್ದವ. ಮಾರ್ದವವೆಂದರೆ ಮೃದುತ್ವ. ಬೀಜ ಮೊಳೆಯುವುದು ಮೆದುವಾದ ಮಣ್ಣಿನಲ್ಲಿ. ಕ್ಷಮೆಯ ಬೀಜಕ್ಕೂ ಅಂತಹ ಮನಸ್ಸೇ ಬೇಕು. ಪರ್ವ ಮುಗಿದ ಬಳಿಕ ಕ್ಷಮಾವಾಣಿ. ಬಸದಿಯಲ್ಲಿ ಎಲ್ಲರೂ ಎಲ್ಲರಿಗೂ ಕೈಮುಗಿಯುತ್ತಾರೆ. ಈಚೆಗೆ ಮೊಬೈಲಿನಲ್ಲಿ ಒಂದೇ ಸಂದೇಶ ಕ್ಷಣಾರ್ಧದಲ್ಲಿ ಇನ್ನೂರು ಮಂದಿಗೆ ತಲಪುತ್ತದೆ. ಆ ಇನ್ನೂರರಲ್ಲಿ ಯಾರೊಡನೆಯೂ ಜಗಳವೇ ಇರುವುದಿಲ್ಲ. ಜಗಳವಿರುವ ಒಬ್ಬ ಅಣ್ಣ, ಹಳೆಯ ಮನೆಯ ನಡುವೆ ಎಬ್ಬಿಸಿದ ಗೋಡೆಯ ಆಚೆ ಬದಿಯಲ್ಲಿರುತ್ತಾನೆ. ಅವನ ಹೆಸರು ಮಾತ್ರ ಆ ಪಟ್ಟಿಯಲ್ಲಿರುವುದಿಲ್ಲ.

ಪಾಲು ಪಂಚಾಯಿತಿ ನ್ಯಾಯಾಲಯದಲ್ಲಿ ನಡೆಯುತ್ತಿದ್ದರೆ ನಡೆಯಲಿ. ಹಕ್ಕನ್ನು ಬಿಟ್ಟುಕೊಡಬೇಕೆಂದು ಗೃಹಸ್ಥನನ್ನು ಯಾರೂ ಒತ್ತಾಯಿಸಲಾರರು. ಆದರೆ ಅಮ್ಮನ ಶ್ರಾದ್ಧದ ದಿನವೋ, ಮಗಳ ಪರೀಕ್ಷೆಯ ಫಲಿತಾಂಶದ ದಿನವೋ ಆ ಗೋಡೆಯನ್ನು ಬಳಸಿ ಹೋಗಿ ಬಾಗಿಲು ತಟ್ಟಲು ಯಾವ ನ್ಯಾಯಾಲಯದ ಅಪ್ಪಣೆಯೂ ಬೇಕಾಗಿಲ್ಲ. ಯಾರು ಮೊದಲು ಹೋಗಬೇಕು ಎಂಬಲ್ಲಿಯೇ ಎಷ್ಟೋ ಕುಟುಂಬಗಳು ಸಿಕ್ಕಿಕೊಂಡು ನಿಂತಿವೆ. ಆ ಪ್ರಶ್ನೆಗೆ ಪುರಾಣದಲ್ಲಿ ಉತ್ತರವಿದೆ: ಷಟ್ಖಂಡವನ್ನು ಗೆದ್ದ ಚಕ್ರವರ್ತಿಯೂ ಹಿರಿಯನೂ ಆದ ಭರತನೇ ನಡೆದು ಹೋದನು.

ಬೆಳಿಗ್ಗೆ ಸಾಮಾಯಿಕಕ್ಕೆ ಕುಳಿತಾಗ, ಹಿಂದಿನ ದಿನದಿಂದ ಬಿಡದೆ ಕಾಡುತ್ತಿರುವ ಒಂದು ವಿಚಾರವನ್ನು ಗುರುತಿಸಿ, ಅದು ಎಷ್ಟು ದಿನ ಹಳೆಯದು ಎಂದು ಎಣಿಸಬಹುದು. ಇನ್ನೂ 15 ದಿನ ಆಗಿಲ್ಲವಾದರೆ ಈ ಪಕ್ಷದೊಳಗೆ ಅದನ್ನು ತೀರಿಸಬಹುದು. ಆರು ತಿಂಗಳು ಸಮೀಪಿಸಿದ್ದರೆ ತಡಮಾಡದೆ ಎದ್ದು ಹೋಗಬೇಕು. ಆರು ತಿಂಗಳನ್ನೂ ದಾಟಿದ್ದರೆ, ಅದು ಇನ್ನು ಅಣ್ಣನ ತಪ್ಪಿನ ಪ್ರಶ್ನೆಯಾಗಿ ಉಳಿದಿಲ್ಲ, ಸ್ವಂತ ಸಮ್ಯಕ್ತ್ವದ ಪ್ರಶ್ನೆಯಾಗಿದೆ ಎಂದು ತಿಳಿಯಬೇಕು. ಬಾಗಿಲು ತಟ್ಟಿದಾಗ ಆಚೆಯವರು ತೆರೆಯದೆ ಹೋಗಬಹುದು. ಆದರೂ ತಟ್ಟಿ ಹಿಂದಿರುಗಿದವನ ಕಾಲಿನ ಮುಳ್ಳು ಆ ಹೊತ್ತಿಗೆ ಅರ್ಧ ಹೊರಬಂದಿರುತ್ತದೆ. ಉಳಿದ ಅರ್ಧಕ್ಕೆ ಮುಂದಿನ ಪಕ್ಷವಿದೆ.